ಕಮಿಷನ್ ಪೋರ್ಟ್ರೇಟ್ ಪ್ರಚಾರಕ್ಕೆ ನನ್ನ ಮುಖ ಹಾಕಲೋ ಬೇಡವೋ?

ಕುಂಚ_ಯಲ್ಲಾಪುರ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈಕೊಳ್ಳಬೇಡಿ.

ನಾನು ಪೋರ್ಟ್ರೇಟ್ ಮಾಡುತ್ತೇನೆ. ಹೆಚ್ಚಾಗಿ ಅಕ್ರಿಲಿಕ್, ಟೈಮ್ ಕೊಟ್ಟರೆ ಆಯಿಲ್. ಊರು ಯಲ್ಲಾಪುರದ ಹತ್ತಿರ, ಈಗ ಇರುವುದು ಹುಬ್ಬಳ್ಳಿಯಲ್ಲಿ. ಹಗಲು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಕೆಲಸ, ಅಂದರೆ ಹುಟ್ಟುಹಬ್ಬದ ಬ್ಯಾನರಿನಲ್ಲಿ ಲೀಡರುಗಳ ಮುಖ ಬೆಳ್ಳಗೆ ಮಾಡುವುದು. ರಾತ್ರಿ ನನ್ನ ಕೆಲಸ. ಹೋದ ವರ್ಷ 14 ಆರ್ಡರ್ ಬಂದವು. ಎಲ್ಲ ಬಾಯಿಂದ ಬಾಯಿಗೆ ಬಂದದ್ದು, ಒಂದು ರೂಪಾಯಿ ಪ್ರಚಾರ ಮಾಡಿಲ್ಲ. ಈ ವರ್ಷ ಸರಿಯಾಗಿ ಮಾಡೋಣ ಅಂತಿದ್ದೇನೆ. ಯೋಜನೆ ಹೀಗಿದೆ: ವಾರಕ್ಕೊಂದು ರೀಲ್, ವಾಟ್ಸಾಪ್ ಬಿಸಿನೆಸ್‌ನಲ್ಲಿ ಸೈಜು ಮತ್ತು ರೇಟು ಹಾಕಿದ ಕ್ಯಾಟಲಾಗ್, ನಾಲ್ಕೈದು ಫೋಟೋ ಸ್ಟುಡಿಯೋ ಮತ್ತು ಫ್ರೇಮ್ ಅಂಗಡಿಗಳಲ್ಲಿ ಒಂದೊಂದು ಸ್ಯಾಂಪಲ್ ಇಟ್ಟು ಆರ್ಡರ್ ತಂದುಕೊಟ್ಟವರಿಗೆ ಶೇ. 10, ಮತ್ತೆ ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಗೆ ಅರ್ಜಿ.

ಇಷ್ಟರಲ್ಲಿ ಗೊಂದಲ ಇಲ್ಲ. ಗೊಂದಲ ಇರುವುದು ನನ್ನ ಮುಖದ ಬಗ್ಗೆ.

ನಾನು ಸಿದ್ದಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಹಿರಿಯರು ಆಫ್ರಿಕಾದವರು. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವಾಕ್ಕೆ ಬಂದವರಲ್ಲಿ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆ ನಮ್ಮವರು ಸಿಗುತ್ತಾರೆ. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದರು. ನಾನು ಮನೆಯಲ್ಲಿ ಆಡುವುದು ಕೊಂಕಣಿ, ಓದಿದ್ದು ಕನ್ನಡ, ಬೈಸಿಕೊಂಡಿದ್ದು ಎರಡರಲ್ಲೂ.

ಆದರೂ ಅಂಗಡಿಗೆ ಹೋದರೆ ಇಂಗ್ಲಿಷಿನಲ್ಲಿ ಶುರು ಮಾಡುತ್ತಾರೆ. "ಎರಡು ಮೀಟರ್ ಕ್ಯಾನ್ವಾಸ್ ಕೊಡಿ ಅಣ್ಣ" ಅಂದರೆ ನನ್ನ ಬಾಯಿ ನೋಡುತ್ತಾರೆ. "ಅರೆ, ಎಷ್ಟು ಬೇಗ ಕನ್ನಡ ಕಲ್ತಿದೀರಿ!" ಬೇಗ ಏನಿಲ್ಲ, 29 ವರ್ಷ ಹಿಡಿಯಿತು.

ಇದು ನಕ್ಕು ಬಿಡುವಂಥದ್ದು. ನಗಲಾಗದ್ದೂ ಇದೆ. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೆಸರಘಟ್ಟ ರಸ್ತೆ ಕಡೆ ಸುಡಾನಿನ ವಿದ್ಯಾರ್ಥಿಯ ಕಾರು ಗುದ್ದಿ ಒಬ್ಬ ಹೆಂಗಸು ತೀರಿಕೊಂಡರು. ಆಮೇಲೆ ಅದೇ ದಾರಿಯಲ್ಲಿ ಬಂದ ಟಾಂಜಾನಿಯಾದ ಹುಡುಗಿಯನ್ನು ಗುಂಪು ಹಿಡಿದು ಹೊಡೆಯಿತು. ಅವಳಿಗೂ ಆ ಕಾರಿಗೂ ಏನೇನೂ ಸಂಬಂಧ ಇರಲಿಲ್ಲ. ಆಗ ನಾನು ಬೆಂಗಳೂರಿನಲ್ಲಿ ಓದುತ್ತಿದ್ದೆ. ಅಮ್ಮ ಫೋನ್ ಮಾಡಿ, "ಹೊರಗೆ ಹೋದರೆ ಜೋರಾಗಿ ಕನ್ನಡ ಮಾತಾಡ್ತಾ ಹೋಗು" ಅಂದಳು. ಒಂದು ವಾರ ಹಾಗೇ ಮಾಡಿದೆ. ಸ್ವಿಚ್ ಆಫ್ ಆಗಿದ್ದ ಫೋನನ್ನು ಕಿವಿಗಿಟ್ಟುಕೊಂಡು, ಆ ಕಡೆ ಯಾರೂ ಇಲ್ಲದೆ, ಮಳೆ ಬೆಳೆ ಅಡಿಕೆ ರೇಟು ಅಂತ ಬಾಯಿಗೆ ಬಂದದ್ದು ಮಾತಾಡುತ್ತಾ ಬಸ್‌ಸ್ಟಾಪ್‌ವರೆಗೆ ನಡೆಯುತ್ತಿದ್ದೆ.

ಈಗ ಗೆಳೆಯರು ಹೇಳುವುದೇನೆಂದರೆ, "ನಿನ್ನ ಮುಖವೇ ನಿನ್ನ ಪ್ರಚಾರ ಮಾರಾಯ. ಸಿದ್ದಿ ಕಲಾವಿದ ಅಂತ ಹಾಕು, ಜನ ಮುಗಿಬೀಳ್ತಾರೆ." ಇರಬಹುದು. ಆದರೆ ಮುಗಿಬೀಳುವುದು ಚಿತ್ರಕ್ಕೋ ನನಗೋ? ಇನ್ನೊಂದು ಕಡೆ, ಮುಖ ತೋರಿಸದೆ ಕೈ ಮಾತ್ರ ತೋರಿಸಿದರೆ ಬಚ್ಚಿಟ್ಟುಕೊಂಡ ಹಾಗೆ ಆಗುತ್ತದಲ್ಲ ಅನಿಸುತ್ತದೆ. ಕೈಯೂ ಕಪ್ಪೇ, ಅದು ಬೇರೆ ಮಾತು.

ಎರಡನೇ ಪ್ರಶ್ನೆ, ಇದನ್ನು ಯಾರಿಗೂ ಹೇಳಿಲ್ಲ. ಮೂರು ತಿಂಗಳ ಹಿಂದೆ ಒಬ್ಬರು ತೀರಿಕೊಂಡ ತಾಯಿಯ ಚಿತ್ರ ಕೇಳಿದರು, ವರ್ಷಾಬ್ದಿಕಕ್ಕೆ. ಇದ್ದದ್ದು ಒಂದೇ ಫೋಟೋ. ಒಳ್ಳೆ ಎಣ್ಣೆಗಪ್ಪು ಹೆಂಗಸು, ಏಳು ಹರಳಿನ ಮೂಗುತಿ. "ಸ್ವಲ್ಪ ಬೆಳ್ಳಗೆ ಮಾಡಿ, ಲಕ್ಷಣವಾಗಿ ಕಾಣಲಿ" ಅಂದರು ಮಗ. ಮಾಡಿದೆ. ಬಾಕಿ ದುಡ್ಡು ಅಲ್ಲೇ ಕೊಟ್ಟರು. ಮೂರು ದಿನಕ್ಕೆ ಮಗಳ ಫೋನ್: "ಅಣ್ಣಾ, ಮೂಗು ಅಮ್ಮಂದೇ, ಮೂಗುತಿನೂ ಅಮ್ಮಂದೇ. ಆದ್ರೆ ಇದು ನಮ್ಮಮ್ಮ ಅಲ್ಲ." ವಾಪಸ್ ತರಿಸಿಕೊಂಡು ದುಡ್ಡಿಲ್ಲದೆ ಮತ್ತೆ ಮಾಡಿಕೊಟ್ಟೆ. ಇಡೀ ಜೀವನ ಬಣ್ಣಕ್ಕೆ ಮಾತು ಕೇಳಿದವನು ನಾನು, ಬಿಳಿ ಟ್ಯೂಬ್ ಹಿಂಡಿದ ಕೈಯೂ ನನ್ನದೇ. ಇನ್ನು ಮುಂದೆ ಇಂಥ ಗಿರಾಕಿಗೆ ಏನು ಹೇಳಬೇಕು? ಆರ್ಡರ್ ಬಿಡುವಷ್ಟು ದೊಡ್ಡ ಮನುಷ್ಯ ನಾನಿನ್ನೂ ಆಗಿಲ್ಲ.

---

ಬಣ್ಣದಡಬ್ಬಿ

ಗುರು, ಮೊದಲು ವ್ಯಾಪಾರದ ಮಾತು. ಬೆಂಗಳೂರಿನಲ್ಲಿ ಎಂಟು ವರ್ಷದಿಂದ ಇದೇ ಮಾಡಿಕೊಂಡಿದ್ದೇನೆ, ನನ್ನ ತಪ್ಪುಗಳನ್ನು ಹೇಳುತ್ತೇನೆ.

ಅಡ್ವಾನ್ಸ್ ಇಲ್ಲದೆ ಪೆನ್ಸಿಲ್ ಮುಟ್ಟಬೇಡಿ. ಅರ್ಧ ಮೊದಲು, ಅರ್ಧ ಕೊಡುವಾಗ. ಸ್ಕೆಚ್ ಆದಮೇಲೆ ಒಂದು ಸಲ, ಬಣ್ಣ ಹಾಕಿದಮೇಲೆ ಒಂದು ಸಲ ತೋರಿಸಿ ಒಪ್ಪಿಗೆ ತಗೊಳ್ಳಿ, ಮೂರನೇ ತಿದ್ದುಪಡಿಗೆ ದುಡ್ಡು. ಇದನ್ನು ಬಾಯಲ್ಲಿ ಹೇಳಬೇಡಿ, ಕ್ಯಾಟಲಾಗಿನಲ್ಲೇ ಬರೆಯಿರಿ. ನಾನು 12x16 ಇಂಚಿನ ಚಿತ್ರಕ್ಕೆ ಆರು ಸಾವಿರ ತಗೊಳ್ತೇನೆ, ಫ್ರೇಮು ಕೊರಿಯರು ಬೇರೆ. ದೂರಕ್ಕೆ ಕಳಿಸುವಾಗ ಕ್ಯಾನ್ವಾಸ್ ಸುತ್ತಿ ಪಿವಿಸಿ ಪೈಪಿನಲ್ಲಿ ಹಾಕಿ, ಬಣ್ಣದ ಮುಖ ಹೊರಗೆ ಇರಲಿ. ಗಾಜು ಹಾಕಿ ಕಳಿಸಿ ಎರಡು ಸಲ ಕೈಸುಟ್ಟುಕೊಂಡಿದ್ದೇನೆ.

ಫ್ರೇಮ್ ಅಂಗಡಿ ಐಡಿಯಾ ಬಹಳ ಚೆನ್ನಾಗಿದೆ. ಅಲ್ಲಿಗೆ ಬರುವವರು ಆಗಲೇ ಗೋಡೆಗೆ ಏನೋ ಹಾಕಲು ಹೊರಟವರು. ಚಿತ್ರಸಂತೆಗೆ ಅರ್ಜಿ ತಿಂಗಳುಗಟ್ಟಲೆ ಮುಂಚೆ ಕರೆಯುತ್ತಾರೆ, ಡಿಸೆಂಬರಿನಲ್ಲಿ ನೆನಪಾದರೆ ಮುಗೀತು. ಸಿಕ್ಕಿದರೆ ದೊಡ್ಡ ಕ್ಯಾನ್ವಾಸ್ ಹೊರಬೇಡಿ. ಕುಮಾರಕೃಪಾ ರಸ್ತೆ ತುಂಬ ಜನ, ಒಂದೇ ದಿನ, ನಿಂತು ನೋಡುವುದಕ್ಕೂ ಜಾಗ ಇರಲ್ಲ. ಸ್ಟೂಲ್ ಹಾಕಿಕೊಂಡು ಅಲ್ಲೇ ಹದಿನೈದು ನಿಮಿಷದ ಸ್ಕೆಚ್ ಮಾಡಿ, ಹಿಂದೆ ಎರಡು ಒಳ್ಳೆ ಪೋರ್ಟ್ರೇಟ್ ನೇತುಹಾಕಿ, ನಂಬರ್ ಇರುವ ಕಾರ್ಡ್ ಕೊಡಿ. ನನಗೆ ಆರ್ಡರ್ ಬರುವುದು ಸಂತೆಯ ದಿನ ಅಲ್ಲ, ಆಮೇಲಿನ ಎರಡು ತಿಂಗಳು.

ರೀಲ್‌ಗೆ ಮುಗಿದ ಚಿತ್ರ ತೋರಿಸಿದರೆ ಯಾರೂ ನಿಲ್ಲಲ್ಲ. ಮೈಬಣ್ಣ ಕಲೆಸುವುದು ತೋರಿಸಿ. ಕಪ್ಪು ಟ್ಯೂಬ್ ಮುಟ್ಟದೆ ಕಪ್ಪು ಮುಖ ಮಾಡುವುದು ಎಷ್ಟು ಜನಕ್ಕೆ ಬರುತ್ತೆ? ಬರ್ನ್ಟ್ ಸಿಯೆನಾ ಅನ್ನುವ ಕೆಂಗಂದು, ಅಲ್ಟ್ರಾಮರೀನ್ ನೀಲಿ, ಒಂಚೂರು ಯೆಲ್ಲೋ ಓಕರ್ ಅನ್ನುವ ಮಣ್ಣಿನ ಹಳದಿ. ಆಮೇಲೆ ಕಿಟಕಿ ಬೆಳಕು ಬಿದ್ದ ಕಡೆ ಹಣೆಯ ಮೇಲೆ ತಣ್ಣನೆ ನೀಲಿ. ಅದು ಬಿದ್ದ ಕೂಡಲೇ ಮುಖಕ್ಕೆ ಜೀವ ಬರುತ್ತೆ ಅಲ್ವಾ? ಆ ಒಂದು ಹೊಡೆತ ತೋರಿಸಿ ಸಾಕು. ಶೂಟ್ ಮಾಡುವಾಗ ಮೊಬೈಲು ಮುಖವನ್ನು ತಾನೇ ಬೆಳ್ಳಗೆ ಮಾಡುತ್ತೆ, ಬ್ಯೂಟಿ ಮೋಡ್ ತೆಗೀರಿ. ಸ್ಕ್ರೀನಿನಲ್ಲಿ ಕಪ್ಪು ಭಾಗದ ಮೇಲೆ ಒತ್ತಿ ಎಕ್ಸ್‌ಪೋಷರ್ ಕೆಳಗೆ ಎಳೆಯಿರಿ.

ಮುಖದ ವಿಷಯ ನಾನು ಹೇಳಲಾರೆ. ನಾನು ಆ ಜಾಗದಲ್ಲಿ ನಿಂತವನಲ್ಲ.

---

ನೇರಮಾತು77

ಬೇಜಾರಾಗಬೇಡಿ, ಹೆಸರಿಗೆ ತಕ್ಕ ಹಾಗೆ ನೇರವಾಗಿ ಹೇಳುತ್ತೇನೆ. ಗಿರಾಕಿ ಬೆಳ್ಳಗೆ ಮಾಡಿ ಅಂದರೆ ಮಾಡಿಕೊಡಿ. ಅವರ ದುಡ್ಡು, ಅವರ ಗೋಡೆ, ಅವರ ತಾಯಿ. ಫೋಟೋ ಸ್ಟುಡಿಯೋದವರು ನಮ್ಮಪ್ಪನ ಕಾಲದಿಂದ ಟಚಪ್ ಮಾಡಿಕೊಂಡೇ ಬಂದಿದ್ದಾರೆ. ನನ್ನ ಮದುವೆ ಆಲ್ಬಮ್ ನೋಡಿದರೆ ನಾನು ಸ್ವಿಟ್ಜರ್ಲೆಂಡಿನವನು. ಅದಕ್ಕೆಲ್ಲ ವರ್ಣಭೇದ ಅಂತ ದೊಡ್ಡ ಮಾತು ಹೇಳುವುದು ಜಾಸ್ತಿ ಆಯ್ತು. ಕೆಟ್ಟ ಮನಸ್ಸಿನಿಂದ ಯಾರೂ ಹೇಳಲ್ಲ, ಸುಮ್ನೆ ಅಭ್ಯಾಸ.

ಇನ್ನು ನಿಮ್ಮ ಸಿದ್ದಿ ಹಿನ್ನೆಲೆ, ಅದು ನಿಮಗೆ ಸಿಕ್ಕಿರುವ ಲಾಟರಿ. ಬೆಂಗಳೂರಿನಲ್ಲಿ ಪೋರ್ಟ್ರೇಟ್ ಮಾಡುವವರು ಸಾವಿರ ಜನ ಇದ್ದಾರೆ. ಜನ ನಿಮ್ಮನ್ನು ನೆನಪಿಟ್ಟುಕೊಳ್ಳಬೇಕಾದರೆ ಏನಾದರೂ ಬೇರೆ ಇರಬೇಕು ಅಲ್ವಾ? ಇದ್ದದ್ದನ್ನು ಬಳಸಿಕೊಳ್ಳಿ. ಸ್ವಾಭಿಮಾನ ಅಂತ ಕೂತರೆ ಫ್ಲೆಕ್ಸ್ ಅಂಗಡಿಯೇ ಗತಿ.

---

ಡ್ರಾಯಿಂಗ್ ಮಾಸ್ತರ, ಧಾರವಾಡ

ನೇರಮಾತು ಅವರೇ, ಅಭ್ಯಾಸ ಅಂದಿರಲ್ಲ, ಅದೇ ತೊಂದರೆ. ಕೆಟ್ಟ ಮನಸ್ಸಿನವನ ಜೊತೆ ಜಗಳ ಮಾಡಬಹುದು. ಅಭ್ಯಾಸಕ್ಕೆ ಏನು ಮಾಡುವುದು?

ನಾನು 22 ವರ್ಷ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿದವನು. ಪ್ರತಿ ವರ್ಷ ಮೊದಲ ವಾರವೇ ಒಂದು ಮಗು ಕೇಳುತ್ತದೆ, "ಸರ್, ಸ್ಕಿನ್ ಕಲರ್ ಕೊಡ್ರಿ." ಕೊಡುವುದು ಯಾವುದು? ಆ ತಿಳಿಗುಲಾಬಿ ಕಡ್ಡಿ. ಒಂದು ಸಲ ನಾನು ಆ ಕಡ್ಡಿಯನ್ನು ಕ್ಲಾಸಿನ ಎಲ್ಲರ ಮುಂಗೈ ಮೇಲೆ ಇಟ್ಟು ನೋಡುತ್ತಾ ಹೋದೆ. 46 ಮಕ್ಕಳು, ಒಬ್ಬರಿಗೂ ಹೊಂದಲಿಲ್ಲ. ಮಕ್ಕಳಿಗೆ ನಗುವೋ ನಗು. ಅಮೆರಿಕದ ಬಣ್ಣದ ಕಡ್ಡಿ ಕಂಪನಿ ಕ್ರೆಯೋಲಾದವರು 'ಫ್ಲೆಶ್', ಅಂದರೆ ಮೈಬಣ್ಣ, ಅನ್ನುವ ಹೆಸರನ್ನು 1962ರಲ್ಲೇ 'ಪೀಚ್' ಅಂತ ಬದಲಿಸಿದರು. ನಮ್ಮಲ್ಲಿ ಕ್ರೀಮಿನ ಹೆಸರು 'ಫೇರ್' ಹೋಗಿ 'ಗ್ಲೋ' ಆಗಿದ್ದು 2020ರಲ್ಲಿ. ಟ್ಯೂಬು ಅದೇ, ಆಸೆಯೂ ಅದೇ.

ಗೋಡೆಯ ಕ್ಯಾಲೆಂಡರ್ ನೋಡಿ. ದ್ರೌಪದಿಗೆ ಕೃಷ್ಣೆ ಅಂತ ಹೆಸರು ಬಂದದ್ದೇ ಬಣ್ಣದಿಂದ. ಕ್ಯಾಲೆಂಡರಿನಲ್ಲಿ ಕಪ್ಪು ದ್ರೌಪದಿಯನ್ನು ನಾನಂತೂ ಕಂಡಿಲ್ಲ. ರವಿವರ್ಮರ ಮುದ್ರಣಾಲಯ 1894ರಲ್ಲಿ ಶುರುವಾಯಿತು. ಅಲ್ಲಿಂದ ಹೊರಟ ದೇವಿಯರ ಬಣ್ಣ ಮನೆಮನೆಯ ದೇವರ ಕೋಣೆಗೆ ಹೋಯಿತು, ಅಲ್ಲಿಂದ ಕನ್ಯೆ ನೋಡುವವರ ಕಣ್ಣಿಗೂ ಬಂದಿತು. ತಪ್ಪೆಲ್ಲ ಅವರ ಮೇಲೆ ಹಾಕುತ್ತಿಲ್ಲ, ಅವರಿಗಿಂತ ಮುಂಚೆಯೂ ಈ ರೋಗ ಇತ್ತು. ಚಿತ್ರ ಮಾಡುವ ನಮ್ಮಂಥವರ ಕೈವಾಡವೂ ಇದೆ ಅನ್ನುತ್ತಿದ್ದೇನೆ, ಅಷ್ಟೇ. "ಕಪ್ಪಗಿದ್ದರೂ ಲಕ್ಷಣವಾಗಿದ್ದಾಳೆ" ಅಂತೀವಲ್ಲ, ಆ "ಇದ್ದರೂ" ಇದೆಯಲ್ಲ, ಅದನ್ನು ಒಂದು ಸಲ ಗಟ್ಟಿಯಾಗಿ ಹೇಳಿ ನೋಡಿ.

ಕುಂಚ, ನಿಮಗೊಂದು ಸಲಹೆ. ಮೈಬಣ್ಣಕ್ಕೆ ಕನ್ನಡದಲ್ಲಿ ಎಷ್ಟು ಚಂದದ ಮಾತುಗಳಿವೆ: ಎಣ್ಣೆಗೆಂಪು, ಎಣ್ಣೆಗಪ್ಪು, ಸಾದುಗಪ್ಪು, ಗೋಧಿ ಬಣ್ಣ. ಇವನ್ನೇ ಕ್ಯಾಟಲಾಗಿಗೆ ಹಾಕಿ. ಒಂದೊಂದು ಬಣ್ಣಕ್ಕೆ ಒಂದು ಪಟ್ಟಿ, ಪಕ್ಕದಲ್ಲಿ ಆ ಬಣ್ಣದ ಒಂದು ಪೋರ್ಟ್ರೇಟ್. ಗಿರಾಕಿ ಬಂದ ಕೂಡಲೇ "ನಿಮ್ಮ ತಾಯಿ ಇದರಲ್ಲಿ ಯಾವುದು?" ಅಂತ ಕೇಳಿ. ಬೆರಳಿಟ್ಟು ತೋರಿಸಿದವರು ಆಮೇಲೆ ಬೆಳ್ಳಗೆ ಮಾಡಿ ಅನ್ನುವುದು ಕಷ್ಟ. ನಿಮಗೂ ಭಾಷಣ ಮಾಡುವ ಕೆಲಸ ಇಲ್ಲ.

---

ಕವಂದಿ_ಅಕ್ಕ

ತಮ್ಮಾ, ನಾನು ಹಳಿಯಾಳ ಕಡೆಯವಳು, ನಿಮ್ಮವಳೇ. ನೀನು ಕೇಳಿದ್ದಕ್ಕೆ ನನ್ನ ಕಥೆಯೇ ಉತ್ತರ.

ನಾವು ಕೆಲವು ಹೆಂಗಸರು ಸೇರಿ ಕವಂದಿ ಹೊಲಿಯುತ್ತೇವೆ. ಬೇರೆಯವರಿಗೆ ಹೇಳುವುದಾದರೆ ಕೌದಿ ಇದ್ದ ಹಾಗೆ, ಹಳೇ ಸೀರೆ, ಅಂಗಿ, ಲಂಗದ ತುಂಡು ಜೋಡಿಸಿದ್ದು. ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ಮುಗಿಸುವುದು. ಮೂಲೆಗೆ ಮಡಚಿದ ಬಟ್ಟೆಯ ಫುಲ ಇಡಬೇಕು. ಫುಲ ಇಲ್ಲದ ಕವಂದಿ ಬೆತ್ತಲೆ ಅಂತಾರೆ ನಮ್ಮಲ್ಲಿ.

ಒಂದು ಪ್ರದರ್ಶನಕ್ಕೆ ಕರೆದರು, ದೊಡ್ಡ ಊರು. ಸ್ಟಾಲಿನ ಮೇಲೆ ಬೋರ್ಡು: 'ಆಫ್ರಿಕಾದಿಂದ ಬಂದವರು'. ನಾನು ಬಂದದ್ದು ಬೆಳಗಿನ ಬಸ್ಸಿಗೆ! ಜನ ಬಂದರು, ತುಂಬ ಬಂದರು. ಕವಂದಿ ಮುಟ್ಟಿದವರಿಗಿಂತ ನನ್ನ ಕೂದಲು ಮುಟ್ಟಿದವರು ಜಾಸ್ತಿ. ಕೇಳದೆಯೇ, ಹಸುವಿನ ಗಂಗೆದೊಗಲು ಮುಟ್ಟಿದ ಹಾಗೆ. ಒಬ್ಬಾಕೆ ಮಗುವನ್ನು ಪಕ್ಕ ನಿಲ್ಲಿಸಿ ಫೋಟೋ ತೆಗೆದರು. ಮತ್ತೊಬ್ಬರು "ನಿಮ್ಮ ಡಮಾಮಿ ಕುಣಿತ ಒಂದು ತೋರಿಸಿ" ಅಂದರು. ಕುಣಿಯೋಕೆ ಬರುತ್ತೆ ಸರ್, ಇವತ್ತು ಮಾರೋಕೆ ಬಂದಿದ್ದೇನೆ ಅಂದೆ. ಸಂಜೆಗೆ ಎಣಿಸಿದರೆ ಫೋಟೋ ನೂರಾರು, ಮಾರಿದ್ದು ಎರಡು ಕವಂದಿ.

ಮುಂದಿನ ಸಲ ಬೋರ್ಡ್ ನಾವೇ ಬರೆದೆವು. 'ಕವಂದಿ. ಕೈಹೊಲಿಗೆ. ಒಂದು ಹೊಲಿಯಲು ಇಷ್ಟು ದಿನ.' ಕೆಳಗೆ ಹೊಲಿದವಳ ಹೆಸರು, ಊರು, ಕೊನೆಗೆ ಸಿದ್ದಿ ಅಂತ. ಜನ ಕಡಿಮೆ ಬಂದರು. ಬಂದವರು ಹೊಲಿಗೆ ಎಣಿಸಿ ನೋಡಿದರು. ಒಂಬತ್ತು ಹೋದವು.

ಲಾಟರಿ ಅಂತ ಒಬ್ಬರು ಬರೆದಿದ್ದಾರಲ್ಲ, ಹೌದಪ್ಪ, ಲಾಟರಿಯೇ. ಟಿಕೆಟಿನ ದುಡ್ಡು ಕೊಟ್ಟವರು ನಾವು, ಬಹುಮಾನ ಬರುವುದು ಬೋರ್ಡ್ ಬರೆದವರಿಗೆ.

ಮುಖ ಹಾಕು ತಮ್ಮಾ, ಬಚ್ಚಿಡಬೇಡ. ಆದರೆ ಚಿತ್ರ ಮುಂದೆ ಇರಲಿ, ನೀನು ಹಿಂದೆ ನಿಂತಿರು, ಕೈಯಲ್ಲಿ ಕುಂಚ ಇರಲಿ. ಸಿದ್ದಿ ಅನ್ನುವುದನ್ನು ನೀನು ಹೇಳಬೇಕು ಅನಿಸಿದ ದಿನ ಹೇಳು, ಅವರು ಕೇಳಿದ ದಿನ ಅಲ್ಲ.

---

ಲೀಡ್ಸ್_ಕನ್ನಡತಿ

ಇದನ್ನು ಓದಿ ಎರಡು ದಿನ ಆಯ್ತು, ಬರೆಯಲೋ ಬೇಡವೋ ಅಂತ ಇದ್ದೆ.

ನಮ್ಮ ಮನೆ ಇದ್ದದ್ದು ಬೆಂಗಳೂರಿನ ಉತ್ತರಕ್ಕೆ, ಕಾಲೇಜುಗಳು ಜಾಸ್ತಿ ಇರುವ ಕಡೆ. ಮೇಲಿನ ಮನೆ ಬಾಡಿಗೆಗೆ ಕೊಡುತ್ತಿದ್ದೆವು. ಜಾಹೀರಾತಿನ ಮೆಸೇಜ್‌ಗೆಲ್ಲ ಉತ್ತರ ಕೊಡುವ ಕೆಲಸ ನನ್ನದು, ಅಪ್ಪನಿಗೆ ಇಂಗ್ಲಿಷ್ ಟೈಪ್ ಮಾಡಲು ಬರಲ್ಲ. ಒಂದು ಸಂಜೆ ಇಬ್ಬರು ಆಫ್ರಿಕಾದ ಹುಡುಗಿಯರು ಗೇಟಿನ ಹತ್ತಿರ ಬಂದು ನಿಂತರು, ಫೋನಿನಲ್ಲಿ ಮಾತಾಡಿಯೇ ಬಂದಿದ್ದರು. ಅಪ್ಪ ಬಾಲ್ಕನಿಯಿಂದ ನೋಡಿದರು. "ಕೊಟ್ಟಾಯ್ತು ಅನ್ನು" ಅಂದರು. ನಾನು ಕೆಳಗೆ ಇಳಿದು, ನಗುತ್ತಾ, ಸಾರಿ ಬೆಳಿಗ್ಗೆಯೇ ಕೊಟ್ಟಾಯ್ತು ಅಂದೆ. 'ಟು ಲೆಟ್' ಬೋರ್ಡು ನನ್ನ ತಲೆಯ ಮೇಲೇ ನೇತಾಡುತ್ತಿತ್ತು. ಅವರಲ್ಲಿ ಒಬ್ಬಳು ಬೋರ್ಡ್ ನೋಡಿದಳು, ನನ್ನನ್ನು ನೋಡಿದಳು, ಥ್ಯಾಂಕ್ಸ್ ಹೇಳಿ ಹೋದಳು. ಮೇಲೆ ಬಂದು ಊಟ ಮಾಡಿದೆ. ಏನೂ ಅನಿಸಲಿಲ್ಲ, ನಿಜ ಹೇಳುತ್ತಿದ್ದೇನೆ.

ಅನಿಸಿದ್ದು ಲೀಡ್ಸಿಗೆ ಬಂದ ಮೊದಲ ವರ್ಷ. ಫೋನಿನಲ್ಲಿ ಮನೆ ಇದೆ ಅಂದವರು ನಾನು ಹೋಗಿ ಬಾಗಿಲು ತಟ್ಟಿದಾಗ ಆಗಷ್ಟೇ ಹೋಯಿತು ಅಂದರು. ನಗುತ್ತಾ. ಆ ನಗು ನನಗೆ ಚೆನ್ನಾಗಿ ಗೊತ್ತಿತ್ತು.

ನಿಮ್ಮಿಂದ ಸಮಾಧಾನದ ಮಾತು ಬೇಕು ಅಂತ ಬರೆಯುತ್ತಿಲ್ಲ. ಸಲಹೆ ಕೊಡುವ ಯೋಗ್ಯತೆಯೂ ನನಗಿಲ್ಲ. ಒಂದು ಆರ್ಡರ್ ಇದೆ, ಬೇಕಾದರೆ ತಗೊಳ್ಳಿ. ನನ್ನ ಅಜ್ಜಿಯದು. ತಿಪಟೂರಿನವರು, ತೀರಿಕೊಂಡು ಹನ್ನೊಂದು ವರ್ಷ. ಮಾಮೂಲಿ ರೇಟು ಹೇಳಿ, ಕಡಿಮೆ ಮಾಡಬೇಡಿ.

---

ನೇರಮಾತು77

ಅಕ್ಕ, ಲಾಟರಿ ಅಂದದ್ದು ತಪ್ಪಾಯ್ತು. ಗಿರಾಕಿ ವಿಷಯದಲ್ಲಿ ನನ್ನ ಅಭಿಪ್ರಾಯ ಈಗಲೂ ಅದೇ, ಆದರೆ ಮೇಷ್ಟ್ರ ಬಣ್ಣದ ಪಟ್ಟಿ ಐಡಿಯಾ ಒಪ್ಪಿದೆ. ಮದುವೆ ಆಲ್ಬಮ್ ನಿನ್ನೆ ತೆಗೆದು ನೋಡಿದೆ. ನಮ್ಮಮ್ಮ ಯಾರೋ ಬೇರೆಯವರ ಅಮ್ಮನ ಹಾಗಿದ್ದಾರೆ.

---

ಕುಂಚ_ಯಲ್ಲಾಪುರ

ಎಲ್ಲರಿಗೂ ಒಟ್ಟಿಗೆ ಉತ್ತರ, ಅಂಗಡಿಯಿಂದ ಬರೆಯುತ್ತಿದ್ದೇನೆ.

ಬಣ್ಣದಡಬ್ಬಿ ಅಣ್ಣ, ನಿಯಮ ಎಲ್ಲ ಕ್ಯಾಟಲಾಗಿಗೆ ಹಾಕಿದೆ. ಅದರ ಜೊತೆ ಒಂದು ಸಾಲು ಸೇರಿಸಿದ್ದೇನೆ: 'ಮೈಬಣ್ಣ ಇದ್ದ ಹಾಗೇ ಮಾಡಲಾಗುತ್ತದೆ.' ಇದನ್ನು ಹಾಕಿದಮೇಲೆ ಒಂದು ಆರ್ಡರ್ ಹೋಯಿತು, 18x24, ಗೃಹಪ್ರವೇಶದ್ದು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಎಕ್ಸ್‌ಪೋಷರ್ ಎಳೆಯುವುದು ಬಹಳ ಉಪಯೋಗ ಆಯ್ತು. ಇಷ್ಟು ದಿನ ರೀಲಿನಲ್ಲಿ ನನ್ನ ಕೈ ಬೂದಿ ಬಳಿದ ಹಾಗೆ ಕಾಣುತ್ತಿತ್ತು.

ಮಾಸ್ತರೇ, ನಾಲ್ಕು ಪಟ್ಟಿ ರೆಡಿ. ಎಣ್ಣೆಗೆಂಪು ಬೇಗ ಬಂತು. ಸಾದುಗಪ್ಪು ಮಾತ್ರ ಮೂರು ರಾತ್ರಿ ತಿಂದಿತು. ಒದ್ದೆ ಇದ್ದಾಗ ಸರಿ ಇರುತ್ತದೆ, ಅಕ್ರಿಲಿಕ್ ಒಣಗಿದ ಮೇಲೆ ಒಂದು ಪಟ್ಟು ಕಪ್ಪಾಗುತ್ತದೆ. ಪಟ್ಟಿಗಳನ್ನು ಸಾಲಾಗಿ ಗೋಡೆಗೆ ಅಂಟಿಸಿ ನನ್ನ ಕೈ ಇಟ್ಟು ನೋಡಿದೆ. ನಾಲ್ಕರಲ್ಲಿ ಯಾವುದೂ ಹೊಂದಲಿಲ್ಲ. ಐದನೆಯದು ಕಲೆಸಿದ್ದೇನೆ, ಅದಕ್ಕಿನ್ನೂ ಹೆಸರಿಟ್ಟಿಲ್ಲ.

ಅಕ್ಕ, ನೀವು ಹೇಳಿದ ಹಾಗೆ ಚಿತ್ರದ ಹಿಂದೆ ನಿಂತ ಫೋಟೋ ಹಾಕಿದೆ. ಮೊದಲ ಕಾಮೆಂಟೇ "ಯಾವ ದೇಶ ಬ್ರೋ?" ಉತ್ತರ ಕೊಡಲು ಹೊರಟವನು ಬಿಟ್ಟೆ. ಕೆಳಗೆ ಯಾರೋ "ಯಲ್ಲಾಪುರ ದೇಶ, ರೇಟ್ ಎಷ್ಟು ಕೇಳು" ಅಂತ ಬರೆದಿದ್ದಾರೆ. ನೀವಲ್ಲ ತಾನೇ?

ಲೀಡ್ಸ್ ಅವರೇ, ಬರೆದದ್ದನ್ನು ಓದಿದೆ. ಅದಕ್ಕೆ ಏನು ಹೇಳಬೇಕೋ ನನಗೆ ತಿಳಿಯುತ್ತಿಲ್ಲ, ಹಾಗಾಗಿ ಕೆಲಸದ ಮಾತಾಡುತ್ತೇನೆ. ಆರ್ಡರ್ ತಗೊಂಡೆ, ಮಾಮೂಲಿ ರೇಟು, ಅರ್ಧ ಅಡ್ವಾನ್ಸ್. ನೀವು ಕಳಿಸಿದ ಅಜ್ಜಿಯ ಫೋಟೋ ಬ್ಲಾಕ್ ಅಂಡ್ ವೈಟ್. ಪಟ್ಟಿ ಕಳಿಸಿದ್ದೇನೆ, ಅದರಲ್ಲಿ ಯಾವುದು ಅಂತ ಹೇಳಿ. ಪಟ್ಟಿಯಲ್ಲಿ ಇಲ್ಲ ಅನಿಸಿದರೆ ಮನೆಯಲ್ಲಿ ಅಜ್ಜಿಯ ಬಣ್ಣ ಯಾರಿಗೆ ಬಂದಿದೆಯೋ ಅವರ ಮುಂಗೈಯನ್ನು ಕಿಟಕಿ ಹತ್ತಿರ ಇಟ್ಟು ಒಂದು ಫೋಟೋ ತೆಗೆದು ಕಳಿಸಿ. ಲೈಟ್ ಹಾಕಬೇಡಿ, ಬ್ಯೂಟಿ ಮೋಡ್ ಬೇಡ.

---

ಲೀಡ್ಸ್_ಕನ್ನಡತಿ

ನನಗೇ ಬಂದಿರೋದು. ನಾಳೆ ಬೆಳಿಗ್ಗೆ ತೆಗೆದು ಕಳಿಸುತ್ತೇನೆ, ಇಲ್ಲಿ ನಾಲ್ಕು ಗಂಟೆಗೇ ಕತ್ತಲು.